ಧ್ವನಿಸುರುಳಿಯ ನಕಲು ಮತ್ತು ದಂಡನೆಯ ಕಾನೂನು

(ಕಾಸರಗೋಡಿನಲ್ಲಿ ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಿಂದ ನಾಡುನುಡಿಯ ಹಿರಿಮೆಯನ್ನು ಕೊಂಡಾಡುವುದು ರೂಢಿ. ಆ ಕಾರ್ಯವನ್ನು ನನಗಿಂತ ಸಮರ್ಥರಾದವರು ಈಗಾಗಲೇ ನೆರವೇರಿಸಿರುವರು. ಕಾರ್ಯದರ್ಶಿಗಳು ನನ್ನ ಪಾಲಿಗೆ ಬಿಟ್ಟಿರುವುದು ಶುಷ್ಕವೆಂದು ತೋರಬಹುದಾದ ಒಂದು ವಿಷಯ. ಹಾಡು, ತಾಳಮದ್ದಳೆ, ಚಲನಚಿತ್ರ ಮೊದಲಾದುವುಗಳ ಮುದ್ರಿಕೆಯನ್ನು ಒಡೆಯನ ಅಪ್ಪಣೆಯಿಲ್ಲದೆ ನಕಲು ಮಾಡಿ ಹಂಚುವವನು ಎಸಗುವ ಅಪರಾಧ ಯಾವುದು, ಅವನಿಗೆ ವಿಧಿಸತಕ್ಕ ಶಿಕ್ಷೆ ಏನು ಎಂಬುದೇ ಅದು. ಅಂಥ ನಕಲು ಒಂದಾದರೂ ಇಲ್ಲದ ಮನೆ ಈ ಸಭೆಯಲ್ಲಿ ವಿರಳವೆಂದು ನನ್ನ ಎಣಿಕೆ. ಆದುದರಿಂದ ವಿಷಯ ಶುಷ್ಕವಾದರೂ ಪರಕೀಯವಲ್ಲ.

ಇಂಗ್ಲಿಷಿನವರು ಈ ಕೃತ್ಯಕ್ಕೆ 'ಪೈರಸಿ' ಎಂದು ಹೆಸರಿಟ್ಟರು. ಕಡಲ್ಗಳ್ಳತನವೆಂದು ಅದರ ಅರ್ಥ. ಕಡಲ ತಡಿಯವರಾದ ನಮಗೆ ಆ ಕಸುಬು ಕೇಳಿ ತಿಳಿಯದ್ದೇನಲ್ಲ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ರೋಮಿನ ಪ್ಲಿನಿಯು ಈ ಕರಾವಳಿಯ ಕಡಲ್ಗಳ್ಳರನ್ನು ಪ್ರಸ್ತಾಪಿಸಿ, 'ನಿಟ್ರಿಯಾಸ್' ಎಂಬ ಎಡೆಯನ್ನು ಹೆಸರಿಸಿದನು. ಅದು ನೇತ್ರಾವತಿಯ ಆಸುಪಾಸಿನಲ್ಲಿ ಇದ್ದಿರಬಹುದೆಂದು ಊಹಿಸುವ ವಿದ್ವಾಂಸರುಂಟು. ಆದರೆ ಹಡಗನ್ನು ದೋಚಿದರೆ ಸರಕಿನ ಒಡೆಯನ ಕೈ ಬರಿದಾಗುತ್ತದೆ. ಹಾಡನ್ನು ನಕಲಿಸಿದರೆ ಹಾಡು ಹಾಡಿದವನಲ್ಲಿಯೇ ಉಳಿಯುತ್ತದೆ. ಅವನಿಗೆ ತಪ್ಪುವುದು ಮುಂದೆ ಬರಬೇಕಾಗಿದ್ದ ಬೆಲೆ. ಹೋದುದು ಕಣ್ಣಿಗೆ ಕಾಣಿಸದ ಕಾರಣದಿಂದಲೇ, ನೆರೆಯವರ ತೋಟದ ತೆಂಗಿನಕಾಯಿಯನ್ನು ಮುಟ್ಟದ ಸಜ್ಜನರೂ ಈ ಕೆಲಸವನ್ನು ನಿಃಸಂಕೋಚವಾಗಿ ಮಾಡುತ್ತಾರೆ.

ಗ್ರಾಮೋಫೋನಿನ ಕಾಲದಲ್ಲಿ ಈ ತೊಡಕು ಇದ್ದುದಿಲ್ಲವೆಂದೇ ಹೇಳಬೇಕು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದುದನ್ನು ಮುದ್ರಿಸಿಕೊಂಡ ಕಂಪೆನಿಯು ತಟ್ಟೆಗಳನ್ನು ಒತ್ತಿಸುವುದಕ್ಕೆ ಜರ್ಮನಿಯ ಹ್ಯಾನೋವರಿಗೆ ಹೋಗಬೇಕಾಯಿತು. ಆಮೇಲೆ ಕಲ್ಕತ್ತೆಯ ದಮ್ ದಮ್‌ನಲ್ಲಿ ಕಾರ್ಖಾನೆಯಾಯಿತು. ಅಂಥ ಯಂತ್ರ ಯಾವ ಗೃಹಸ್ಥನ ಚಾವಡಿಯಲ್ಲಿರಲು ಸಾಧ್ಯ? 1957ರಲ್ಲಿ ನಮ್ಮ ಸಂಸತ್ತು ಕೃತಿಸ್ವಾಮ್ಯದ, ಎಂದರೆ ಕಾಪಿರೈಟಿನ, ಕಾಯಿದೆಯನ್ನು ರಚಿಸಿದಾಗ ಅಪರಾಧಿಗೆ ಗರಿಷ್ಠ ಒಂದು ವರ್ಷದ ಸೆರೆ, ಅಥವಾ ಜುಲ್ಮಾನೆ, ಅಥವಾ ಎರಡೂ ಎಂದು ವಿಧಿಸಿ ಸುಮ್ಮನಾಯಿತು. 1963ರಲ್ಲಿ ಫಿಲಿಪ್ಸ್ ಕಂಪೆನಿಯು ಅಂಗೈಯಲ್ಲಿ ಅಡಗುವ ಕ್ಯಾಸೆಟ್ಟನ್ನು ಹೊರತಂದ ಮೇಲೆ ಲೆಕ್ಕ ಬದಲಾಯಿತು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಗಲ್ಫಿನಿಂದ ಮರಳಿದ ನಮ್ಮ ಊರಿನ ಹುಡುಗರು ಟೇಪ್‌ರೆಕಾರ್ಡರನ್ನೂ ವಿ.ಸಿ.ಆರ್. ಯಂತ್ರವನ್ನೂ ಹೊತ್ತು ತಂದರು. ಎರಡು ಸುರುಳಿಗಳನ್ನು ಅಕ್ಕಪಕ್ಕದಲ್ಲಿರಿಸಿ ಗುಂಡಿಯೊತ್ತಿದರೆ ಒಂದು ಎರಡಾಗುವ ಸೋಜಿಗ ಪ್ರತಿ ಪೇಟೆಗೂ ಬಂತು. ಕನ್ನಡದಲ್ಲಿ ಭಾವಗೀತೆಯ ಧ್ವನಿಸುರುಳಿ 1978ರ 'ನಿತ್ಯೋತ್ಸವ'ದಿಂದ ಮನೆಮಾತಾಗುವ ಹೊತ್ತಿಗೆ ನಕಲಿನ ಅಂಗಡಿಯೂ ಬಾಗಿಲು ತೆರೆದಿತ್ತು.

1984ರಲ್ಲಿ ಸಂಸತ್ತು ಕಾಯಿದೆಯನ್ನು ಬಿಗಿ ಮಾಡಿತು. ಅಂದು ಗೊತ್ತಾದ ಪ್ರಮಾಣವೇ ಇಂದಿಗೂ ಇದೆ: ಕನಿಷ್ಠ ಆರು ತಿಂಗಳು, ಗರಿಷ್ಠ ಮೂರು ವರ್ಷ ಸೆರೆ, ಅದರ ಜತೆಗೆ ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿಯವರೆಗೆ ಜುಲ್ಮಾನೆ. ಎರಡನೆಯ ಬಾರಿ ಸಿಕ್ಕಿಬಿದ್ದವನಿಗೆ ಒಂದು ವರ್ಷಕ್ಕೆ ಕಡಮೆಯಿಲ್ಲ. ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಮೆಯಲ್ಲದ ಪೊಲೀಸ್ ಅಧಿಕಾರಿ ವಾರಂಟಿಲ್ಲದೆಯೇ ನಕಲುಗಳನ್ನೂ ನಕಲು ಮಾಡುವ ಸಲಕರಣೆಯನ್ನೂ ಜಪ್ತಿ ಮಾಡಬಹುದು. ಈ ಅಪರಾಧಕ್ಕೆ ಜಾಮೀನು ಹಕ್ಕಾಗಿ ದೊರೆಯುವುದೇ ಇಲ್ಲವೇ ಎಂಬ ಬಗ್ಗೆ ಉಚ್ಚ ನ್ಯಾಯಾಲಯಗಳಲ್ಲಿ ಭಿನ್ನಮತವಿತ್ತು. 2022ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ದೊರೆಯುವುದಿಲ್ಲವೆಂದು ನಿರ್ಣಯಿಸಿತು. ಚಿತ್ರಮಂದಿರದಲ್ಲಿ ಕುಳಿತು ಮೊಬೈಲಿನಿಂದ ಚಿತ್ರವನ್ನು ಕದ್ದು ಹಿಡಿಯುವವನಿಗೆ 2023ರ ಚಲನಚಿತ್ರ ತಿದ್ದುಪಡಿ ಕಾಯಿದೆ ಬೇರೆಯೇ ಇದೆ. ಅಲ್ಲಿ ಜುಲ್ಮಾನೆ ಮೂರು ಲಕ್ಷದಿಂದ ಪ್ರಾರಂಭವಾಗಿ ಚಿತ್ರದ ನಿರ್ಮಾಣವೆಚ್ಚದ ನೂರಕ್ಕೆ ಐದರಷ್ಟಕ್ಕೆ ಏರಬಹುದು.

ಗೃಹಸ್ಥರಾದ ನಾವು ನೆನಪಿಡಬೇಕಾದುದು 1984ರಲ್ಲಿಯೇ ಸೇರಿದ ಮತ್ತೊಂದು ವಿಧಿ. ಧ್ವನಿಮುದ್ರಿಕೆಯ ಮೇಲೂ ಅದರ ಪೆಟ್ಟಿಗೆಯ ಮೇಲೂ ಮುದ್ರಿಸಿದವರ ಹೆಸರು ವಿಳಾಸ, ಸ್ವಾಮ್ಯ ಉಳ್ಳವರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ ಇವು ಇರಲೇಬೇಕು. ಇಲ್ಲದೆ ಪ್ರಕಟಿಸಿದರೆ ಅದಕ್ಕೇ ಪ್ರತ್ಯೇಕವಾಗಿ ಮೂರು ವರ್ಷದವರೆಗೆ ಸೆರೆಯುಂಟು. ಈ ವಿಧಿಯ ಬಲ ತಿಳಿದದ್ದು 1996ರಲ್ಲಿ. ಆಂಧ್ರಪ್ರದೇಶದ ಒಬ್ಬ ವಿಡಿಯೋ ಅಂಗಡಿಯವನ ಮೇಲಿನ ಮೊಕದ್ದಮೆಯು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಚಿತ್ರದ ಒಡೆಯರಾರೂ ಬಂದು ಸಾಕ್ಷಿ ನುಡಿದಿಲ್ಲ, ಆದುದರಿಂದ ಅಪರಾಧ ಸಿದ್ಧವಾಗಲಿಲ್ಲ ಎಂಬುದು ಅವನ ಪರವಾದ ವಾದ. ಒಡೆಯನನ್ನು ಹುಡುಕಿ ಕರೆತರುವ ಹೊಣೆ ಪೊಲೀಸರದಲ್ಲ; ಕಡ್ಡಾಯವಾದ ವಿವರಗಳು ಕ್ಯಾಸೆಟ್ಟಿನ ಮೇಲೆ ಇಲ್ಲದಿರುವುದೇ ಸಾಕು ಎಂದು ನ್ಯಾಯಾಲಯ ಹೇಳಿತು. ಸಂತೆಯಲ್ಲಿ ಕೊಳ್ಳುವಾಗ ಚೀಟಿಯನ್ನು ಓದಿ ನೋಡುವ ಅಭ್ಯಾಸ ಮಾಡಿಕೊಳ್ಳಬೇಕೆಂದು ತಾಯಂದಿರಲ್ಲಿ ಬಿನ್ನಹ. ಅಗ್ಗದ ಬೆಂಕಿಪೆಟ್ಟಿಗೆಗೂ ತಯಾರಿಸಿದವನ ಹೆಸರಿರುವಾಗ ಹಾಡಿನ ಪೆಟ್ಟಿಗೆಗೆ ಏಕಿರಬಾರದು?

ಕಾನೂನಿನ ಈ ಕಾಠಿನ್ಯವೆಲ್ಲ ನನಗೆ ಒಪ್ಪಿಗೆಯೆಂದು ಭಾವಿಸಬೇಡಿ. ರಾಜ್ಯಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ತಮಿಳುನಾಡು ತನ್ನ 1982ರ ಗೂಂಡಾ ಕಾಯಿದೆಗೆ 2004ರಲ್ಲಿ ವಿಡಿಯೋ ಕಳ್ಳರನ್ನು ಸೇರಿಸಿತು. ಮಹಾರಾಷ್ಟ್ರದ, ಕರ್ನಾಟಕದ ಕಾಯಿದೆಗಳ ಹೆಸರಿನಲ್ಲಿಯೇ ಅವರಿಗೆ ಸ್ಥಾನವುಂಟು. ನಮ್ಮ ಕೇರಳದ 2007ರ ಸಮಾಜವಿರೋಧಿ ಚಟುವಟಿಕೆಗಳ ತಡೆ ಕಾಯಿದೆಯು ಕೃತಿಸ್ವಾಮ್ಯ ಕದಿಯುವವನನ್ನು ಬಾಡಿಗೆ ರೌಡಿ, ಹವಾಲಾ ವ್ಯಾಪಾರಿ, ಮೀಟರ್‌ಬಡ್ಡಿಯವನು ಇವರೊಂದಿಗೆ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದೆ. ಎಂದರೆ ಹೊಸೂರಿನ ಕನ್ನಡಿಗನಾಗಲಿ ಸೊಲ್ಲಾಪುರದವನಾಗಲಿ ಕಾಸರಗೋಡಿನವನಾಗಲಿ, ಈ ಕಸುಬಿಗಿಳಿದರೆ ನ್ಯಾಯಾಲಯದ ವಿಚಾರಣೆಗೆ ಮುಂಚೆಯೇ ತಡೆಬಂಧನಕ್ಕೆ ಒಳಗಾಗಬಹುದು. ಕೊಲೆಗಡುಕನಿಗಾಗಿ ಹೆಣೆದ ಬಲೆಯಲ್ಲಿ ಹಾಡು ಕದ್ದವನನ್ನು ಹಿಡಿಯುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಸಾಮಾನ್ಯ ಕಾನೂನೇ ಸಾಲದೆ? ಅಲ್ಲದೆ ದಾಳಿಯಾದಾಗ ಅಂಗಡಿಯ ಮುಂಗಟ್ಟೆಯಲ್ಲಿ ಕುಳಿತ, ತಿಂಗಳ ಸಂಬಳದ ಹುಡುಗನು ಕೈಗೆ ಸಿಗುವಷ್ಟು ಸುಲಭವಾಗಿ ಸಾವಿರಗಟ್ಟಲೆ ಒತ್ತುವ ದಣಿ ಸಿಗುವುದಿಲ್ಲ. ಅದೃಷ್ಟವಶಾತ್ ಕಾಯಿದೆಯಲ್ಲಿ 'ಅರಿತು' ಎಂಬ ಒಂದು ಪದವಿದೆ. ಅರಿಯದೆ ಮಾಡಿದವನು ಅಪರಾಧಿಯಲ್ಲ. ವ್ಯಾಪಾರದ ಲಾಭಕ್ಕಾಗಿ ಮಾಡದವನಿಗೆ, ತಕ್ಕ ಕಾರಣಗಳನ್ನು ತೀರ್ಪಿನಲ್ಲಿ ಬರೆದು, ಆರು ತಿಂಗಳಿಗಿಂತ ಕಡಮೆ ಶಿಕ್ಷೆ ಕೊಡುವ ಅಧಿಕಾರವೂ ನ್ಯಾಯಾಧೀಶರಿಗಿದೆ.

"ಮಂಗಳೂರಿನಲ್ಲಿ ಸಿಗುವ ಕನ್ನಡದ ಮುದ್ರಿಕೆ ನಮ್ಮ ಪೇಟೆಗೆ ಬರುವುದೇ ಇಲ್ಲ, ನಕಲು ಮಾಡದೆ ನಾವು ಕನ್ನಡವನ್ನು ಕೇಳುವುದು ಹೇಗೆ?" ಎಂದು ಕೇಳುವವರುಂಟು. ಗಡಿಯಾಚೆಯ ನಮ್ಮ ಕಷ್ಟ ನಿಜವಾದುದು. ಮಕ್ಕಳ ಕಿವಿಗೆ ಕನ್ನಡದ ಹಾಡು ಬೀಳದೆ ಹೋದರೆ ಶಾಲೆಯೊಂದೇ ಎಷ್ಟನ್ನು ಉಳಿಸೀತು? ಆದರೆ ದುರ್ಲಭತೆಯು ನ್ಯಾಯಾಲಯದಲ್ಲಿ ಸಮಾಧಾನವಾಗದು. ಸ್ವಂತದ ಉಪಯೋಗಕ್ಕೆ, ಅಧ್ಯಯನಕ್ಕೆ ನ್ಯಾಯವಾದ ಮಿತಿಯಲ್ಲಿ ಬಳಸಿಕೊಳ್ಳುವುದನ್ನು ಕಾಯಿದೆಯೇ ಬಿಟ್ಟುಕೊಟ್ಟಿದೆ. ದೇವರ ಉತ್ಸವದಲ್ಲಿ, ಮದುವೆಯ ದಿಬ್ಬಣದಲ್ಲಿ ಮುದ್ರಿಕೆಯನ್ನು ನುಡಿಸಿದರೂ ದೋಷವಿಲ್ಲ. ಹತ್ತು ಪ್ರತಿ ಮಾಡಿ ಮಾರಿದೊಡನೆ ಮಾತ್ರ ನಾವು ಬೇರೊಂದು ಜಾತಿಗೆ ಸೇರುತ್ತೇವೆ. ಕನ್ನಡದ ಮಾರುಕಟ್ಟೆಯೇ ಕಿರಿದು. ಅದರಲ್ಲಿ ತಾಳಮದ್ದಳೆಯ ಮಾರುಕಟ್ಟೆ ಎಷ್ಟರದು? ಹಿಂದಿ ಚಿತ್ರಗೀತೆಯ ಕಂಪೆನಿ ನಕಲಿನ ಏಟನ್ನು ತಾಳಿಕೊಳ್ಳಬಹುದು. ಹಿಮ್ಮೇಳದ ಇಬ್ಬರು ಮೂವರನ್ನು ಕರೆದುಕೊಂಡು ಕೈಯಿಂದ ಹಣ ಹಾಕಿ ಒಂದು ಪ್ರಸಂಗವನ್ನು ಮುದ್ರಿಸಿದವನು ಎರಡನೆಯದನ್ನು ಮುದ್ರಿಸುವುದಿಲ್ಲ, ಅಷ್ಟೇ. ಆ ಎರಡನೆಯ ಪ್ರಸಂಗವನ್ನು ನಾವು ಯಾರೂ ಕೇಳಲಿಲ್ಲ; ಕಳೆದುಕೊಂಡೆವೆಂದು ನಮಗೆ ತಿಳಿಯಲೂ ಇಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ಸಂಘದ ಕಪಾಟಿನಲ್ಲಿರುವ ಧ್ವನಿಸುರುಳಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಪೆನ್‌ಡ್ರೈವಿನಲ್ಲಿ ತುಂಬಿ ಮನೆಮನೆಗೂ ಮಾರಿ, ಬಂದ ಹಣವನ್ನು ಶಾಲೆಯ ಪುಸ್ತಕಭಂಡಾರಕ್ಕೆ ಕೊಡಬೇಕೆಂದು ತರುಣ ಮಿತ್ರರು ಸಂಕಲ್ಪಿಸಿರುವರು. ಉದ್ದೇಶ ಶ್ಲಾಘ್ಯವಾದುದು. ಆದರೂ ಸುರುಳಿಗಳನ್ನು ಮೊದಲು ಬೇರ್ಪಡಿಸಬೇಕು. ಕಂಪೆನಿಗಳು ಪ್ರಕಟಿಸಿದ ಭಾವಗೀತೆ, ಚಿತ್ರಗೀತೆಗಳನ್ನು ಮುಟ್ಟಕೂಡದು. ಧ್ವನಿಮುದ್ರಿಕೆಯ ಸ್ವಾಮ್ಯ ಪ್ರಕಟಣೆಯಿಂದ ಅರುವತ್ತು ವರ್ಷ ಇರುತ್ತದೆ. ಉಳಿದವು ನಮ್ಮ ಸದಸ್ಯರೇ ಆಟ ಕೂಟಗಳಲ್ಲಿ ಹಿಡಿದ ಮುದ್ರಿಕೆಗಳು. ಇಲ್ಲಿಯೇ ಹೆಚ್ಚಿನ ಎಚ್ಚರ ಬೇಕು.

ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಿ. ಕೃತಿಕಾರನ ಹಕ್ಕು ಅವನ ಆಯುಷ್ಯ ಮತ್ತು ಆಮೇಲೆ ಅರುವತ್ತು ವರ್ಷ. ಸುಬ್ಬನು ತೀರಿಕೊಂಡು ಶತಮಾನಗಳೇ ಸಂದುವು. ಅವನ ಪದ್ಯಗಳು ಎಲ್ಲರ ಸೊತ್ತು. ಆದರೆ ಅದನ್ನು ನಿನ್ನೆ ರಾತ್ರಿ ಹಾಡಿದ ಭಾಗವತರ ಕಂಠ ಎಲ್ಲರ ಸೊತ್ತಲ್ಲ. 1995ರ ಮೇ 10ರಂದು ಜಾರಿಗೆ ಬಂದ ತಿದ್ದುಪಡಿಯು ಪ್ರಯೋಗಕಾರರಿಗೆ ಸ್ವತಂತ್ರವಾದ ಹಕ್ಕನ್ನು ಕೊಟ್ಟಿತು. ಮೊದಲು ಇಪ್ಪತ್ತೈದು ವರ್ಷ, 1999ರ ತಿದ್ದುಪಡಿಯಿಂದ ಐವತ್ತು ವರ್ಷ. 2012ರಿಂದ ವಾಣಿಜ್ಯದ ಬಳಕೆಗೆ ಸಂಭಾವನೆಯ ಪಾಲೂ ಅವರಿಗೆ ಸಲ್ಲತಕ್ಕದ್ದು. ಸ್ವಂತಕ್ಕೆ ಕೇಳಲೆಂದು ಸಭೆಯಲ್ಲಿ ಕುಳಿತು ಮುದ್ರಿಸಿಕೊಳ್ಳಬಹುದು. ಬೋಧನೆಗೆ, ಸಂಶೋಧನೆಗೆ ಮುದ್ರಿಸಬಹುದು. ಅದನ್ನೇ ಬೆಲೆಗೆ ಕೊಟ್ಟರೆ ಆ ರಕ್ಷಣೆ ಕಳಚಿ ಬೀಳುತ್ತದೆ, ಮೊದಲು ಹೇಳಿದ ಸೆರೆ ಜುಲ್ಮಾನೆಗಳು ಅನ್ವಯಿಸುತ್ತವೆ. ಬಂದ ಹಣ ಶಾಲೆಗೆ ಹೋಯಿತೆಂಬುದು ಶಿಕ್ಷೆಯನ್ನು ತಗ್ಗಿಸೀತೇ ಹೊರತು ಅಪರಾಧವನ್ನು ಅಳಿಸದು.

ಆದುದರಿಂದ ಸುರುಳಿಯೊಂದಕ್ಕೆ ಒಂದು ಕಾಗದ ಬೇಕು. ಭಾಗವತರು, ಮದ್ದಳೆಯವರು, ಚೆಂಡೆಯವರು, ಅರ್ಥಧಾರಿಗಳು ಇವರೆಲ್ಲರ ರುಜು ಅದರಲ್ಲಿರಬೇಕು. ತೀರಿಕೊಂಡವರಿದ್ದರೆ ಅವರ ಮಕ್ಕಳದು. ಇವರಲ್ಲಿ ಬಹುಮಂದಿ ಬದಿಯಡ್ಕ, ಪೆರ್ಲ, ಮಂಜೇಶ್ವರದ ಸುತ್ತಿನವರೇ. ಎರಡು ಭಾನುವಾರಗಳ ತಿರುಗಾಟದಲ್ಲಿ ಮುಗಿಯತಕ್ಕ ಕೆಲಸ. ಬರುವ ಹಣದಲ್ಲಿ ಅರ್ಧ ಶಾಲೆಗೆ, ಅರ್ಧ ಹಾಡಿದವರಿಗೆ ಎಂದು ಆ ಕಾಗದದಲ್ಲಿಯೇ ಬರೆದಿರಲಿ. ಇಲ್ಲವೆನ್ನುವವರು ಇದ್ದರೆ ಅವರ ಸುರುಳಿ ಕಪಾಟಿನಲ್ಲಿಯೇ ಉಳಿಯಲಿ.

ಕಡೆಯದಾಗಿ ಒಂದು ವಿನೋದ. ಪ್ರಯೋಗಕಾರರೆಂದರೆ ಯಾರೆಂದು ಕಾಯಿದೆಯು ಪಟ್ಟಿ ಮಾಡುವಾಗ ನಟ, ಗಾಯಕ, ನರ್ತಕ, ದೊಂಬರಾಟದವನು, ಕಣ್ಕಟ್ಟಿನವನು, ಹಾವಾಡಿಗ ಇವರ ಬೆನ್ನಿಗೇ ಭಾಷಣಕಾರನನ್ನೂ ಸೇರಿಸಿದೆ. ಹಾವಾಡಿಗನ ಮಗ್ಗುಲಲ್ಲಿ ನನಗೂ ಒಂದು ಮಣೆ ದೊರೆತಿದೆಯೆಂದಾಯಿತು. ಮುಂದಿನ ಸಾಲಿನಲ್ಲಿ ಕುಳಿತು ಈ ಮಾತುಗಳನ್ನು ಮೊಬೈಲಿನಲ್ಲಿ ಹಿಡಿಯುತ್ತಿರುವ ಮಿತ್ರರಿಗೆ ನನ್ನ ಅನುಮತಿ ಇದೆ. ಅದನ್ನು ಬರಹದಲ್ಲಿ ಕೊಡುತ್ತೇನೆ. ಸಭೆ ಮುಗಿದೊಡನೆ ಒಂದು ಹಾಳೆ ಕಾಗದ ತನ್ನಿ.