ಮೊದಲ ಬಾರಿ ಚಿನ್ನದಂಗಡಿಗೆ ಹೋಗುವಾಗ



ನಮ್ಮ ಕರಾವಳಿಯ ಮನೆಗಳಲ್ಲಿ ಚಿನ್ನದ ಮಾತು ಬಂದರೆ ಇಂದಿಗೂ ಪವನಿನ ಲೆಕ್ಕವೇ ಮೊದಲು. ಒಂದು ಪವನು ಎಂದರೆ 8 ಗ್ರಾಂ. ಮದುವೆಯ ಚಿನ್ನಕ್ಕೆ ಮನೆಯ ಹಿರಿಯರು ನಾಲ್ಕು ಜನ ಕೂಡಿ ಹೋಗುತ್ತಾರೆ, ನೋಡಿ, ಕೇಳಿ, ಚೌಕಾಸಿ ಮಾಡಿ ಕೊಳ್ಳುತ್ತಾರೆ. ಆದರೆ ನಿಮ್ಮ ಮೊದಲ ಖರೀದಿ ಅಷ್ಟು ದೊಡ್ಡದಾಗಿರುವುದಿಲ್ಲ. ಮಣಿಪಾಲದಲ್ಲಿ ತರಬೇತಿಯ ಮೊದಲ ಭತ್ಯೆ ಕೈಗೆ ಬಂದಾಗ ಅಮ್ಮನಿಗೊಂದು ಮೂಗುಬೊಟ್ಟು. ಕಾಪುವಿನಲ್ಲೋ ಕಾರ್ಕಳದಲ್ಲೋ ರಜೆಯಲ್ಲಿ ದುಡಿದ ಹಣದಿಂದ ತಂಗಿಗೊಂದು ಪುಟ್ಟ ಉಂಗುರ. ‘ಇಷ್ಟು ಸಣ್ಣದಕ್ಕೆ ಏನು ವಿಚಾರಿಸುವುದು’ ಎಂಬ ಸಂಕೋಚ ಅಂಗಡಿಯ ಮೆಟ್ಟಿಲಲ್ಲೇ ಹುಟ್ಟುತ್ತದೆ. ಆ ಸಂಕೋಚವನ್ನು ಏಕೆ ಬಿಡಬೇಕೆಂದು ಈಗ ನೋಡೋಣ.

ಮೊದಲು ಶುದ್ಧತೆಯ ವಿಚಾರ. ಶುದ್ಧ ಚಿನ್ನ 24 ಕ್ಯಾರೆಟ್. ಅದು ಬಹಳ ಮೆದು, ದಿನನಿತ್ಯ ತೊಡುವ ಒಡವೆಗೆ ಒಗ್ಗದು. ಆದ್ದರಿಂದ 22 ಪಾಲು ಚಿನ್ನಕ್ಕೆ 2 ಪಾಲು ತಾಮ್ರ, ಬೆಳ್ಳಿ ಮುಂತಾದ ಲೋಹ ಬೆರೆಸುತ್ತಾರೆ. 22ನ್ನು 24ರಿಂದ ಭಾಗಿಸಿ ನೋಡಿ: ಸಾವಿರಕ್ಕೆ 916 ಪಾಲು ಬರುತ್ತದೆ. ‘916 ಚಿನ್ನ’ ಎಂದರೆ ಇದೇ. ಹಾಗೆಯೇ 18 ಕ್ಯಾರೆಟ್ ಎಂದರೆ 750.

ಹಿಂದೆ ಅಕ್ಕಸಾಲಿಗರು ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ಗೆರೆಯ ಬಣ್ಣದಿಂದ ಗುಣ ಹೇಳುತ್ತಿದ್ದರು. ಕೊಳ್ಳುವವರಿಗೆ ಆ ಕಣ್ಣು ಇರಲಿಲ್ಲ, ನಂಬಿಕೆಯೊಂದೇ ಆಧಾರವಾಗಿತ್ತು. ಭಾರತೀಯ ಮಾನಕ ಸಂಸ್ಥೆ 2000ದಲ್ಲಿ ಚಿನ್ನಕ್ಕೆ ಹಾಲ್‌ಮಾರ್ಕ್ ಮುದ್ರೆಯನ್ನು ತಂದಿತು. 2021ರ ಜೂನ್ 16ರಿಂದ ದೇಶದ 256 ಜಿಲ್ಲೆಗಳಲ್ಲಿ ಅದು ಕಡ್ಡಾಯವಾಯಿತು. ಆಮೇಲೆ ಮತ್ತಷ್ಟು ಜಿಲ್ಲೆಗಳು ಸೇರಿದವು. ಈಗಿನ ಮುದ್ರೆಯಲ್ಲಿ ಮೂರು ಗುರುತುಗಳಿವೆ: ಸಂಸ್ಥೆಯ ತ್ರಿಕೋನ ಚಿಹ್ನೆ, 22ಕೆ916 ಎಂಬಂಥ ಶುದ್ಧತೆಯ ಗುರುತು, ಅಕ್ಷರ ಮತ್ತು ಅಂಕಿ ಬೆರೆತ ಆರು ಸ್ಥಾನಗಳ ಒಂದು ಸಂಖ್ಯೆ. ಈ ಸಂಖ್ಯೆ ಒಂದೊಂದು ಒಡವೆಗೂ ಬೇರೆಬೇರೆ. ಅಂಗಡಿಯಲ್ಲಿ ಭೂತಗನ್ನಡಿ ಕೇಳಿ ಅದನ್ನು ಓದಿ. ನಿಮ್ಮ ಫೋನಿನಲ್ಲಿ ಬಿಐಎಸ್ ಕೇರ್ ಆ್ಯಪ್ ಇದ್ದರೆ ಅಲ್ಲೇ ತಾಳೆ ನೋಡಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ. 2 ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಈ ಮುದ್ರೆ ಕಡ್ಡಾಯವಲ್ಲ. ವರ್ಷಕ್ಕೆ 40 ಲಕ್ಷ ರೂಪಾಯಿವರೆಗೆ ವಹಿವಾಟು ಇರುವ ಸಣ್ಣ ವ್ಯಾಪಾರಿಗೂ ವಿನಾಯಿತಿ ಉಂಟು. ಅಂದರೆ ನಿಮ್ಮ ಮೂಗುಬೊಟ್ಟು, ಸಣ್ಣ ಉಂಗುರಗಳೇ ಕಾನೂನಿನ ಕೊಡೆಯ ಹೊರಗೆ ಉಳಿಯುತ್ತವೆ! ಸಣ್ಣ ಅಂಗಡಿಯವರು ಮೋಸಗಾರರೆಂದು ಇದರ ಅರ್ಥವಲ್ಲ. ಕೇಳಿ ತಿಳಿಯುವ ಹೊಣೆ ಕೊಳ್ಳುವವರ ಮೇಲೆ ಹೆಚ್ಚು ಬೀಳುತ್ತದೆ, ಅಷ್ಟೆ. ಮುದ್ರೆ ಇಲ್ಲದಿದ್ದರೆ ಶುದ್ಧತೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ‘ಕೆಡಿಎಂ ಚಿನ್ನ’ ಎಂಬ ಮಾತು ಕೇಳಿದರೆ ಅದನ್ನೇ ಶುದ್ಧತೆಯ ಪ್ರಮಾಣವೆಂದು ತಿಳಿಯಬೇಡಿ. ಅದು ಕ್ಯಾಡ್ಮಿಯಂ ಬಳಸಿದ ಬೆಸುಗೆಯ ಹೆಸರು. ಅದರ ಹೊಗೆ ಅಕ್ಕಸಾಲಿಗರ ಶ್ವಾಸಕೋಶಕ್ಕೆ ಹಾನಿಕರ.

ಇನ್ನು ಬೆಲೆ. ಲೆಕ್ಕಕ್ಕಾಗಿ 22 ಕ್ಯಾರೆಟ್ ಚಿನ್ನ ಗ್ರಾಮಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. ಉಂಗುರದ ಒಟ್ಟು ತೂಕ ಒಂದೂವರೆ ಗ್ರಾಂ, ಅದರಲ್ಲಿ ಕಲ್ಲಿನ ತೂಕ 0.2 ಗ್ರಾಂ. ಚಿನ್ನ ಇರುವುದು 1.3 ಗ್ರಾಂ ಮಾತ್ರ. ಅದರ ಬೆಲೆ 13,000. ಮಜೂರಿ ನೂರಕ್ಕೆ 12 ಆದರೆ 1,560. ಕಲ್ಲಿಗೆ 300. ಒಟ್ಟು 14,860. ಇದರ ಮೇಲೆ ನೂರಕ್ಕೆ 3ರಂತೆ ಜಿಎಸ್‌ಟಿ 445 ರೂಪಾಯಿ 80 ಪೈಸೆ. ಕೊಡಬೇಕಾದುದು 15,305 ರೂಪಾಯಿ 80 ಪೈಸೆ. ಕಲ್ಲನ್ನೂ ಚಿನ್ನದ ದರದಲ್ಲಿ ತೂಗಿದರೆ 300 ರೂಪಾಯಿಯ ಕಲ್ಲಿಗೆ ನೀವು 2,000 ತೆತ್ತಂತಾಯಿತು. ಆದ್ದರಿಂದ ಒಟ್ಟು ತೂಕ, ಚಿನ್ನದ ನಿವ್ವಳ ತೂಕ, ಮಜೂರಿ ಇವು ಬಿಲ್ಲಿನಲ್ಲಿ ಬೇರೆಬೇರೆಯಾಗಿ ಇರಲಿ. ದರ ಎಲ್ಲ ಅಂಗಡಿಗಳಲ್ಲೂ ಹೆಚ್ಚುಕಡಿಮೆ ಒಂದೇ ಇರಬಹುದು, ಮಜೂರಿ ಹಾಗಲ್ಲ. ಎರಡು ಮೂರು ಕಡೆ ವಿಚಾರಿಸಿ, ಕಡಿಮೆ ಮಾಡಿ ಎಂದು ಕೇಳಿ. ಮುಂದೆ ಒಡವೆ ಮಾರಿದರೆ ಮಜೂರಿ ತಿರುಗಿ ಬರುವುದಿಲ್ಲ ಎಂಬುದೂ ನೆನಪಿರಲಿ.

ಬಿಲ್ಲನ್ನು ಜೋಪಾನವಾಗಿಡಿ. ಹಾಲ್‌ಮಾರ್ಕ್ ಒಡವೆಯ ಶುದ್ಧತೆ ಮುದ್ರೆಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಎಂದು ಪರೀಕ್ಷೆಯಲ್ಲಿ ತಿಳಿದರೆ, ಕೊರತೆಯ ಬೆಲೆಯ ಎರಡು ಪಟ್ಟು ಮತ್ತು ಪರೀಕ್ಷೆಯ ಖರ್ಚನ್ನು ಪರಿಹಾರವಾಗಿ ಪಡೆಯುವ ಹಕ್ಕು ನಿಮಗಿದೆ.

ಸಣ್ಣ ಹಣವನ್ನು ಗೌರವಿಸುವುದನ್ನು ದೇಶಕ್ಕೆ ತೋರಿಸಿದ ಊರು ನಮ್ಮದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಲೆಕ್ಕ ಬರೆದು ಪಡೆಯಿತು. ಎರಡಾಣೆಗೆ ಲೆಕ್ಕ ಇದ್ದ ಊರಿನಲ್ಲಿ ಒಂದೂವರೆ ಗ್ರಾಂ ಚಿನ್ನಕ್ಕೆ ಲೆಕ್ಕ ಕೇಳಲು ನಾಚಿಕೆ ಏಕೆ? ಧೈರ್ಯವಾಗಿ ಕೇಳಿ, ಬರೆಸಿಕೊಳ್ಳಿ, ಆಮೇಲೆ ಹಣ ಕೊಡಿ.