ಸಾಲದ ಚಿಂತೆಗೆ ಬೇರಿನ ಪುಡಿ

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘದ ಪ್ರಗತಿ ಬಗ್ಗೆ ಎರಡು ಮಾತು ಆಡಲು ನನಗೆ ಹೇಳಿದ್ದಾರೆ. ಷೇರು, ಠೇವಣಿ, ವಸೂಲಿ ಎಲ್ಲಾ ಕಾರ್ಯದರ್ಶಿಯವರ ವರದಿಯಲ್ಲಿ ಅದ. ನಾನು ಬೇರೆ ಮಾತು ಹೇಳತೀನಿ. ಸಾಲದ ಚಿಂತೆ ಮೈಯೊಳಗ ಏನು ಮಾಡತದ, ಅದಕ್ಕೆ ನಾವು ಕುಡಿಯುವ ಕಷಾಯ, ಪುಡಿ ಎಷ್ಟರ ಮಟ್ಟಿಗೆ ಆಗತದ ಅನ್ನುವುದು. ನಾನು ಎಸ್ಸೆಸ್ಸೆಲ್ಸಿ ಓದಿದವ, ಡಾಕ್ಟರ ಅಲ್ಲ. ತಪ್ಪಿದ್ದರೆ ತಿದ್ದಬೇಕು.

2020ರ ಅಕ್ಟೋಬರದಾಗ ಭೀಮಾ ಹೊಳೆ ಬಂದು ಹೊಲ ಮುಳುಗಿದವು. 2022ರಲ್ಲಿ ತೊಗರಿಗೆ ನೆಟೆ ರೋಗ ಹತ್ತಿ, ಕಾಯಿ ಹಿಡಿದ ಗಿಡ ನಿಂತಲ್ಲೇ ಒಣಗಿದವು. ನನ್ನ ಹೊಲವೂ ಅದರಾಗ ಬಂತು. ನಿರ್ದೇಶಕನೇ ಸುಸ್ತಿದಾರ ಅನಿಸಿಕೊಳ್ಳಬಾರದು ಅಂತ ಹೊರಗಿನಿಂದ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ಕೈಗಡ ತಂದು ಸಂಘದ ಸಾಲ ಕಟ್ಟಿದೆ. ಮನೆಯಲ್ಲಿ ಹೇಳಲಿಲ್ಲ.

ಆ ಚಳಿಗಾಲದಾಗ ಕುಡಗೋಲು ತಾಗಿ ಕಾಲಿಗೆ ಸಣ್ಣ ಗಾಯ ಆಯಿತು. ತಿಂಗಳು ಕಳೆದರೂ ಮಾಯಲಿಲ್ಲ. ಬಾಯಿ ಹುಣ್ಣು, ಬಿಡದ ನೆಗಡಿ ಬೇರೆ. ಮನೆಯವರು ಅಮೃತಬಳ್ಳಿ ಕಷಾಯ ಕಾಸಿ ಕೊಟ್ಟರು. ಅಂಗಡಿಯವನ ಮಾತು ಕೇಳಿ ಅಶ್ವಗಂಧದ ಪುಡಿಯನ್ನೂ ತಂದೆ. ಕಡೆಗೆ ಡಾಕ್ಟರ ಕಡೆ ಹೋದೆ. ರಕ್ತ ತಪಾಸ ಮಾಡಿದರು, ಸಕ್ಕರೆ ರೋಗ ಇರಲಿಲ್ಲ. "ರಾತ್ರಿ ನಿದ್ದಿ ಬರತದೇನ್ರಿ?" ಅಂತ ಕೇಳಿದರು. ನಾನು ನೆಲ ನೋಡಿದೆ.

ಹೆದರಿಕೆ ಆದಾಗ ಮೂತ್ರಪಿಂಡದ ಮೇಲಿನ ಗ್ರಂಥಿಗಳು ಕಾರ್ಟಿಸೋಲ್ ಎಂಬ ರಸ ಬಿಡುತ್ತವೆ. ಎತ್ತು ಹಾಯಲು ಬಂದಾಗ ಮೈಗೆ ಅದು ಬೇಕೇ ಬೇಕು. ಆದರೆ ಎತ್ತು ವರ್ಷಗಟ್ಟಲೆ ಬೆನ್ನಟ್ಟಿದರೆ? ರೋಗದ ಕೂಡ ಹೋರಾಡುವ ಬಿಳಿ ರಕ್ತಕಣಗಳ ಕೆಲಸ ಮಂದ ಆಗುತ್ತದೆ. ಅಮೆರಿಕದ ಓಹಿಯೋದಲ್ಲಿ ಮರೆವಿನ ರೋಗದ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರಿಗೆ, ಅಂಥ ಹೊರೆ ಇಲ್ಲದ 13 ಹೆಂಗಸರಿಗೆ, ತೋಳಿನ ಮೇಲೆ ಒಂದೇ ಅಳತೆಯ ಸಣ್ಣ ಗಾಯ ಮಾಡಿ ನೋಡಿದರು. ಹೊರೆ ಹೊತ್ತವರ ಗಾಯ ಮಾಯಲು ಸರಾಸರಿ 9 ದಿನ ಹೆಚ್ಚು ಹಿಡಿಯಿತೆಂದು 1995ರಲ್ಲಿ ಪ್ರಕಟಿಸಿದರು. ಇದನ್ನು ಓದಿದಾಗ ನಾನು ನನ್ನ ಕಾಲು ನೋಡಿಕೊಂಡೆ.

ಹಾಗಂತ ಗಿಡಮೂಲಿಕೆ ಸುಳ್ಳಲ್ಲ. ಹೈದರಾಬಾದಿನಲ್ಲಿ 64 ಜನರ ಪರೀಕ್ಷೆ ನಡೆದು 2012ರಲ್ಲಿ ಪ್ರಕಟವಾಗಿದೆ. ಅರ್ಧ ಮಂದಿಗೆ ಅಶ್ವಗಂಧದ ಬೇರಿನ ಸಾರ 300 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 60 ದಿನ. ಉಳಿದವರಿಗೆ ಹಾಗೇ ಕಾಣುವ, ಔಷಧ ಇಲ್ಲದ ಗುಳಿಗೆ. ಸಾರ ತಿಂದವರ ಚಿಂತೆ ಇಳಿಯಿತು, ಕಾರ್ಟಿಸೋಲ್ ಶೇಕಡಾ 28ರಷ್ಟು ಇಳಿಯಿತು. ಒಳ್ಳೆಯದೇ. ಆದರೆ 64 ಜನ, ಎರಡು ತಿಂಗಳು, ಅಷ್ಟೆ. ಪುಕ್ಕಟೆ ಸಿಗುವ ಬಳ್ಳಿ ಏನೂ ಮಾಡೋದಿಲ್ಲ ಅಂತಲೂ ತಿಳೀಬ್ಯಾಡ್ರಿ. ಅಮೃತಬಳ್ಳಿ ಸೇವಿಸಿದ 6 ಮಂದಿಯ ಯಕೃತ್ತಿಗೆ ಪೆಟ್ಟಾಯಿತೆಂದು 2021ರಲ್ಲಿ ಮುಂಬಯಿ ವೈದ್ಯರು ಬರೆದರು, ಆಯುಷ್ ಮಂತ್ರಾಲಯ ಅದನ್ನು ಒಪ್ಪಲಿಲ್ಲ. ಅಶ್ವಗಂಧದಿಂದಲೂ ಯಕೃತ್ತು ಕೆಟ್ಟ ಉದಾಹರಣೆ ಅವ. ಬಸುರಿಯರು ಅದನ್ನು ಮುಟ್ಟಬಾರದು, ಥೈರಾಯ್ಡ್ ಗುಳಿಗೆ ತಗೊಳ್ಳೋರು ಡಾಕ್ಟರಿಗೆ ಕೇಳಬೇಕು.

ತೊಗರಿಯ ಕಾಯಿಕೊರಕಕ್ಕೆ ನಾವು 100 ಲೀಟರ ನೀರಿಗೆ 5 ಕಿಲೋ ಬೇವಿನ ಬೀಜದ ಕಷಾಯ ಹೊಡೀತೀವಿ. ಮೊಟ್ಟೆ, ಮರಿ ಇದ್ದಾಗ ಹೊಡೆದರೆ ಹಿಡಿತಕ್ಕೆ ಬರತದ. ಹುಳು ಬಲಿತ ಮೇಲೆ ಹೊಡೆದು ಕಷಾಯಕ್ಕೆ ಬೈದರೆ ಏನು ಬಂತು?

ಡಾಕ್ಟರ ಕಡೆಯಿಂದ ಬಂದ ರಾತ್ರಿ ಮನೆಯವರ ಮುಂದೆ ಕೈಗಡದ ಮಾತು ಹೇಳಿಬಿಟ್ಟೆ. ಆಕಿ ಬೈದಳು, ಅತ್ತಳು, ಆಮೇಲೆ ಇಬ್ಬರೂ ಕೂತು ಲೆಕ್ಕ ಮಾಡಿದೆವು. ಎತ್ತಿನ ಜೋಡಿ ಮಾರಿ ಅರ್ಧ ತೀರಿಸಿದೆವು. ಗಾಯ ಆಮೇಲೆ ಮಾಯಿತು. ಕಷಾಯದಿಂದಲೋ ಎತ್ತು ಮಾರಿದ್ದರಿಂದಲೋ, ನಾನು ಹೇಳಲಾರೆ.

ಈಗ ಸಂಘದ ಮಾತು. ಸುಸ್ತಿದಾರರ ಹೆಸರನ್ನು ಹೊರಗಿನ ಫಲಕದ ಮೇಲೆ ಬರೆಯುವ ರೂಢಿ ನಮ್ಮಲ್ಲಿದೆ. ಅದಕ್ಕೆ ನಾನೂ ಸಹಿ ಹಾಕಿದವ. ಆ ಫಲಕದ ಅಂಜಿಕೆಗೇ ಹೊರಗಿನ ಬಡ್ಡಿಗೆ ಹೋದವ ನಾನು, ನನ್ನಂಥವರು ಇನ್ನೆಷ್ಟು ಮಂದಿಯೋ. ಅದನ್ನು ಒರೆಸಿ, ನೋಟಿಸಿಗೆ ಮೊದಲು ಒಬ್ಬ ನಿರ್ದೇಶಕ ಸದಸ್ಯನ ಮನೆಗೆ ಹೋಗಿ ಕಂತಿನ ಮಾತು ಆಡಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ ನಂಬರು 14416, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಫಲಕದ ಜಾಗದಲ್ಲಿ ಆ ನಂಬರು ಬರೆಸೋಣ. ಈ ಎರಡನ್ನೂ ಮುಂದಿನ ಆಡಳಿತ ಮಂಡಳಿ ಸಭೆಯ ವಿಷಯಪಟ್ಟಿಗೆ ತೆಗೆದುಕೊಳ್ಳಬೇಕೆಂದು ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇನೆ.