ನೌರು: ಪುಟ್ಟ ದ್ವೀಪದ ಹಣ ಮತ್ತು ಆಡಳಿತ



ಮಾನ್ವಿ, ದೇವದುರ್ಗದ ಕಡೆ ಹೊಲಗದ್ದೆಗಳಿಗೆ ತರುವ ಡಿಎಪಿ ಗೊಬ್ಬರದ ಚೀಲದ ಮೇಲೆ 18-46 ಎಂಬ ಅಂಕಿಗಳನ್ನು ನೀವು ನೋಡಿರಬಹುದು. ಅದರಲ್ಲಿ 46 ಎಂಬುದು ರಂಜಕಾಂಶವನ್ನು ಸೂಚಿಸುತ್ತದೆ. ಈ ರಂಜಕ ದೊರೆಯುವುದು ಫಾಸ್ಫೇಟ್ ಶಿಲೆಯಿಂದ. ಆ ಶಿಲೆಯೊಂದನ್ನೇ ನಂಬಿ ಬದುಕಿದ ಒಂದು ದೇಶದ ಕಥೆಯನ್ನು ಇಂದು ತಿಳಿಯೋಣ.

ಅದು ಪೆಸಿಫಿಕ್ ಸಾಗರದಲ್ಲಿ, ಸಮಭಾಜಕ ವೃತ್ತದ ಸಮೀಪದಲ್ಲಿರುವ ನೌರು. ಅದರ ವಿಸ್ತೀರ್ಣ ಸುಮಾರು 21 ಚದರ ಕಿಲೋಮೀಟರ್. ಯರಗೇರಾದಿಂದ ರಾಯಚೂರಿಗೆ ಬಸ್ಸಿನಲ್ಲಿ ಬರುವಷ್ಟು ಹೊತ್ತಿನಲ್ಲಿ ಆ ಇಡೀ ದೇಶವನ್ನು ಸುತ್ತಿ ಬರಬಹುದು!

ಅಲ್ಲಿ ಫಾಸ್ಫೇಟ್ ಇರುವುದು 1900ರಲ್ಲಿ ತಿಳಿಯಿತು. ಪರದೇಶದವರು ಅದನ್ನು ಅಗೆದು ಸಾಗಿಸಿದರು; ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳ ಹೊಲಗಳು ಹುಲುಸಾದವು. ನೌರು 1968ರ ಜನವರಿ 31ರಂದು ಸ್ವತಂತ್ರವಾಯಿತು. 1970ರಲ್ಲಿ ಗಣಿಗಳೂ ಅದರ ಕೈಸೇರಿದವು. ಹಣ ಹರಿದು ಬಂದಿತು. ಆದಾಯ ತೆರಿಗೆ ಇರಲಿಲ್ಲ; ಶಿಕ್ಷಣ, ಚಿಕಿತ್ಸೆ ಉಚಿತವಾಗಿದ್ದವು. ಮುಂದಿನ ಪೀಳಿಗೆಗೆಂದು ಒಂದು ನಿಧಿಯನ್ನೂ ಸ್ಥಾಪಿಸಿದರು. ಮೆಲ್ಬರ್ನ್ ನಗರದಲ್ಲಿ 52 ಅಂತಸ್ತಿನ ಕಟ್ಟಡವನ್ನೇ ಕಟ್ಟಿಸಿದರು.

ಹಾಗಾದರೆ ಎಡವಿದ್ದೆಲ್ಲಿ? ಆದಾಯಕ್ಕಿಂತ ಖರ್ಚು ಹೆಚ್ಚಾದಾಗ ಸರ್ಕಾರ ಸಾಲ ಮಾಡಿತು. ಹೂಡಿಕೆಗಳು ಕೈಕೊಟ್ಟವು. 1993ರಲ್ಲಿ ಲಂಡನ್ನಿನ ಒಂದು ಸಂಗೀತ ನಾಟಕಕ್ಕೂ ಹಣ ಹಾಕಿ ಕಳೆದುಕೊಂಡಿತು. 2004ರಲ್ಲಿ ಮೆಲ್ಬರ್ನಿನ ಕಟ್ಟಡವೂ ಮಾರಾಟವಾಯಿತು. ಅಷ್ಟರಲ್ಲಿ ದ್ವೀಪದ ನಡುಭಾಗ ಬೆಳೆ ಬಾರದ ಕಲ್ಲಿನ ಕಂಬಗಳ ನೆಲವಾಗಿತ್ತು.

ಆಡಳಿತವೂ ಅಸ್ಥಿರವಾಗಿತ್ತು. ನೌರುವಿನ ಅಧ್ಯಕ್ಷರನ್ನು ಸಂಸತ್ತೇ ಆರಿಸುತ್ತದೆ. ಆಗ ಇದ್ದದ್ದು 18 ಸದಸ್ಯರು. ಒಬ್ಬಿಬ್ಬರು ಮನಸ್ಸು ಬದಲಿಸಿದರೂ ಸರ್ಕಾರ ಉರುಳುತ್ತಿತ್ತು. 2010ರಲ್ಲಿ ಸದನ ಸಮನಾಗಿ ಇಬ್ಭಾಗವಾಗಿ, ತಿಂಗಳುಗಟ್ಟಲೆ ಕೆಲಸ ನಿಂತಿತು. ಆದ್ದರಿಂದಲೇ 2013ರಲ್ಲಿ ಸ್ಥಾನಗಳನ್ನು 19ಕ್ಕೆ ಏರಿಸಿದರು. ಸರ್ಕಾರವೇ ನಿಲ್ಲದಿದ್ದರೆ ಬೊಕ್ಕಸದ ಲೆಕ್ಕ ಕೇಳುವವರು ಯಾರು?

ಮುಂದೆ ಮೀನು ಹಿಡಿಯುವ ವಿದೇಶಿ ದೋಣಿಗಳಿಂದ ಬರುವ ಪರವಾನಗಿ ಶುಲ್ಕ, ಆಸ್ಟ್ರೇಲಿಯದ ನಿರಾಶ್ರಿತರ ಕೇಂದ್ರದಿಂದ ಬರುವ ಹಣ ದೇಶಕ್ಕೆ ಆಧಾರವಾದವು. 2014ರಲ್ಲಿ ಆದಾಯ ತೆರಿಗೆ ಬಂದಿತು. 2015ರಲ್ಲಿ ಹೊಸ ನಿಧಿಯೊಂದನ್ನು ತೆರೆದರು. ಹಣ ಕೊಡುವ ದೇಶಗಳೂ ಅದರ ಉಸ್ತುವಾರಿಯಲ್ಲಿವೆ.

ಇದು ದೂರದ ಮಾತಲ್ಲ. ನಮ್ಮ ಜಿಲ್ಲೆಯ ಹಟ್ಟಿಯಲ್ಲಿ ಚಿನ್ನ ತೆಗೆಯುತ್ತಿದ್ದಾರೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದಾಗ ಒಂದು ಊರಿನ ದುಡಿಮೆಯೇ ನಿಂತಿತು. ಜೋಳ ಮರುವರ್ಷ ಬೆಳೆಯುತ್ತದೆ; ಅಗೆದ ಚಿನ್ನ ಮರಳಿ ಬಾರದು. ಗಣಿಯ ಹಣವೆಂದರೆ ಅಸಲು. ಅದು ಕರಗುವ ಮುನ್ನ ಶಾಲೆ, ಆಸ್ಪತ್ರೆ, ಕುಡಿಯುವ ನೀರಾಗಿ ಉಳಿಯಬೇಕು. ಗಣಿ ಪ್ರದೇಶದ ಜನರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನ ಇರಬೇಕೆಂದು 2015ರ ಕಾಯ್ದೆ ತಿದ್ದುಪಡಿ ಹೇಳುತ್ತದೆ. ಆ ಹಣ ಎಲ್ಲಿ ಖರ್ಚಾಯಿತು ಎಂದು ಕೇಳುವುದನ್ನು ನೀವು ಈಗಿನಿಂದಲೇ ಕಲಿಯಿರಿ.